ಹಿಮದ ಸಲಿಕೆಯ ಸುಧಾರಣೆ: ಅಲಗು, ಅಂಚು, ಕಾವು

ಟೊರಾಂಟೊ, ಬಫಲೋ, ಡೆಟ್ರಾಯಿಟ್, ಮಿನಿಯಾಪೊಲಿಸ್‌ನಂತಹ ಊರುಗಳಲ್ಲಿ ನವೆಂಬರ್ ಬಂತೆಂದರೆ ಅಂಗಡಿಗಳ ಬಾಗಿಲಲ್ಲೇ ಸ್ನೋ ಶವೆಲ್‌ಗಳ ಸಾಲು ನಿಲ್ಲುತ್ತದೆ. ಬಣ್ಣ, ಬೆಲೆ, ಅಗಲಗಳಲ್ಲಿ ಅವು ಎಷ್ಟೇ ಭಿನ್ನವಾಗಿ ಕಂಡರೂ ಕೆಡುವುದು ಮಾತ್ರ ಹೆಚ್ಚುಕಡಿಮೆ ಮೂರೇ ಕಡೆಗಳಲ್ಲಿ: ಅಲಗಿನ ಅಂಚು ಸವೆಯುತ್ತದೆ, ಕಾವು ಅಲಗನ್ನು ಸೇರುವ ಜಾಗ ಸೀಳುತ್ತದೆ, ತುದಿಯ ಹಿಡಿ ಸಡಿಲವಾಗುತ್ತದೆ. ಈ ಮೂರನ್ನೂ ಮನೆಯ ಗ್ಯಾರೇಜಿನಲ್ಲಿ, ಒಂದು ಡ್ರಿಲ್, ಅರ, ಗರಗಸ ಮತ್ತು ನಾಲ್ಕಾರು ಬೋಲ್ಟುಗಳಿಂದ ಗಟ್ಟಿಮಾಡಿಕೊಳ್ಳಬಹುದು. ಆದರೆ ಸಲಿಕೆ ಬಾಳಿಕೆ ಬಂದರೆ ಸಾಲದು, ಅದನ್ನು ಹಿಡಿದವರ ಬೆನ್ನೂ ಬಾಳಿಕೆ ಬರಬೇಕು. ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳ 1990ರಿಂದ 2006ರವರೆಗಿನ ದಾಖಲೆಗಳನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಿಮ ತೆಗೆಯುವಾಗ ಗಾಯಗೊಂಡೋ ಅಸ್ವಸ್ಥರಾಗಿಯೋ ಬಂದವರ ಸಂಖ್ಯೆ ವರ್ಷಕ್ಕೆ ಸರಾಸರಿ 11,500 ಎಂದು ಅಂದಾಜು ಮಾಡಿತು. ಗಾಯಗಳಲ್ಲಿ ಕೆಳಬೆನ್ನಿನವೇ ಎಲ್ಲಕ್ಕಿಂತ ಹೆಚ್ಚಾಗಿದ್ದವು. ಆದ್ದರಿಂದ ಸುಧಾರಣೆಯ ಲೆಕ್ಕವನ್ನು ಅಲಗಿನ ಅಗಲದಿಂದಲ್ಲ, ಒಂದು ಸಲಕ್ಕೆ ಎತ್ತುವ ತೂಕದಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ.

ತೂಕದ ಲೆಕ್ಕ

ಹಿಮದ ತೂಕವನ್ನು ಅದರ ಎತ್ತರ ನೋಡಿ ಹೇಳಲಾಗದು. ಕೊರೆಯುವ ಚಳಿಯಲ್ಲಿ ಹೊಸದಾಗಿ ಬಿದ್ದ ಒಣ ಹಿಮ ಘನ ಮೀಟರಿಗೆ 50ರಿಂದ 100 ಕಿಲೋ ತೂಗಿದರೆ, ಕೆಲವು ದಿನ ಕುಸಿದು ಕುಳಿತ ಹಿಮ 200ರಿಂದ 300 ಕಿಲೋ ತೂಗುತ್ತದೆ; ಮಳೆ ಬಿದ್ದು ಅಥವಾ ಕರಗತೊಡಗಿ ನೀರು ಕುಡಿದ ಹಿಮ 500 ಕಿಲೋವನ್ನೂ ದಾಟಬಹುದು. 45 ಸೆಂ.ಮೀ. ಅಗಲ, 35 ಸೆಂ.ಮೀ. ಉದ್ದದ ಅಲಗಿನ ಮೇಲೆ ಸರಾಸರಿ 10 ಸೆಂ.ಮೀ. ಎತ್ತರ ಹಿಮ ನಿಂತರೆ ಅದು ಸುಮಾರು 16 ಲೀಟರ್ ಆಗುತ್ತದೆ. ಅಂದರೆ ಒಣ ಹಿಮವಾದರೆ ಒಂದೂವರೆ ಕಿಲೋ, ಕುಸಿದ ಹಿಮವಾದರೆ ನಾಲ್ಕೂವರೆ ಕಿಲೋ, ನೀರು ಕುಡಿದದ್ದಾದರೆ 8 ಕಿಲೋ. ಅದೇ 75 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದದ ಅಲಗು 15 ಸೆಂ.ಮೀ. ಎತ್ತರಕ್ಕೆ ತುಂಬಿಕೊಂಡರೆ 50 ಲೀಟರ್. ಅದರಲ್ಲಿ ನೀರು ಕುಡಿದ ಹಿಮವಿದ್ದರೆ 25 ಕಿಲೋ. ಒಂದು ಮೂಟೆ ಅಕ್ಕಿಯ ತೂಕವನ್ನು ಕೈಚಾಚಿ ಎತ್ತಿ ಬದಿಗೆ ಎಸೆಯಲು ಯಾರೂ ಒಪ್ಪುವುದಿಲ್ಲ, ಆದರೆ ಅಗಲದ ಸಲಿಕೆ ಕೊಂಡವರು ಮಾರ್ಚ್ ತಿಂಗಳಲ್ಲಿ ಮಾಡಹೊರಡುವುದು ಅದನ್ನೇ.

ಸಲಿಕೆಯ ಗಾತ್ರವನ್ನು ಸರಕಿನ ತೂಕಕ್ಕೆ ಹೊಂದಿಸಬೇಕೆಂಬುದು ಹಳೆಯ ತಿಳಿವಳಿಕೆ. ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಯಲ್ಲಿ 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಫ್ರೆಡರಿಕ್ ಟೇಲರ್ ಕೂಲಿಕಾರರ ಕೆಲಸವನ್ನು ಅಳೆದು ನೋಡಿ, ಒಂದು ಸಲಿಕೆಗೆ ಸುಮಾರು 21 ಪೌಂಡ್, ಅಂದರೆ ಒಂಬತ್ತೂವರೆ ಕಿಲೋ ಇದ್ದಾಗ ದಿನದ ಒಟ್ಟು ಕೆಲಸ ಹೆಚ್ಚಾಗುತ್ತದೆಂದು ಕಂಡುಕೊಂಡರು. ಅದರಂತೆ ಭಾರವಾದ ಅದಿರಿಗೆ ಚಿಕ್ಕ ಸಲಿಕೆಯನ್ನೂ ಹಗುರವಾದ ಪುಡಿ ಕಲ್ಲಿದ್ದಲಿಗೆ ದೊಡ್ಡ ಸಲಿಕೆಯನ್ನೂ ಕೊಡಲಾಯಿತು. ಅದು ದಿನವಿಡೀ ಅದೇ ಕೆಲಸದಲ್ಲಿ ಪಳಗಿದ ಆಳುಗಳ ಲೆಕ್ಕ. ವಾರವಿಡೀ ಕುರ್ಚಿಯಲ್ಲಿ ಕುಳಿತು ಶನಿವಾರ ಬೆಳಿಗ್ಗೆ ಸಲಿಕೆ ಹಿಡಿಯುವವರಿಗೆ ಕೆನಡಾದ ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತಾ ಕೇಂದ್ರದ ಸಲಹೆ ಹೆಚ್ಚು ಹೊಂದುತ್ತದೆ: ನಿಮಿಷಕ್ಕೆ ಸುಮಾರು 15 ಸಲ ಎತ್ತುವುದಾದರೆ ಸಲಿಕೆ ಮತ್ತು ಹೊರೆ ಎರಡೂ ಸೇರಿ 5ರಿಂದ 7 ಕಿಲೋ ಮೀರಬಾರದು, ಸಲಿಕೆಯದ್ದೇ ತೂಕ ಒಂದೂವರೆ ಕಿಲೋ ಆಸುಪಾಸಿನಲ್ಲಿರಬೇಕು. ಹಾಗಾದರೆ ಹೊರೆಗೆ ಉಳಿಯುವುದು ನಾಲ್ಕರಿಂದ ಐದು ಕಿಲೋ. ಮೇಲೆ ಹೇಳಿದ 45 ಸೆಂ.ಮೀ. ಅಲಗು ಕುಸಿದ ಹಿಮವನ್ನು ಹೊತ್ತಾಗ ಸರಿಯಾಗಿ ಅಷ್ಟೇ ತೂಗುತ್ತದೆ.

ಇದರಿಂದ ಹೊರಡುವ ಮೊದಲ ತೀರ್ಮಾನವೆಂದರೆ, ಒಂದೇ ಸಲಿಕೆಯಿಂದ ಎರಡು ಕೆಲಸ ಮಾಡಿಸಬಾರದು. ನಮ್ಮ ಕಡೆ ಕಾಫಿ ಕಣದಲ್ಲಿ ಬೀಜವನ್ನು ಗುಡ್ಡೆ ಹಾಕಲು ಉದ್ದ ಕಾವಿನ ಹಲಗೆ ಬೇರೆ, ಗುಡ್ಡೆಯನ್ನು ಮೂಟೆಗೆ ತುಂಬುವ ಸಾಧನ ಬೇರೆ ಇರುವಂತೆ, ಹಿಮಕ್ಕೂ ದೂಡುವ ಸಲಿಕೆ ಮತ್ತು ಎತ್ತುವ ಸಲಿಕೆ ಬೇರೆಬೇರೆಯಾಗಿರಬೇಕು. ದೂಡುವುದು 60ರಿಂದ 75 ಸೆಂ.ಮೀ. ಅಗಲವಿದ್ದು, ಹಿಮ ಅದರ ಮುಂದೆ ಉರುಳುತ್ತ ಹೋಗುವಷ್ಟು ಆಳವಾಗಿ ಬಾಗಿರಬೇಕು. ಬಾಗು ಕಡಿಮೆಯಾದರೆ ಹಿಮ ಅಲಗನ್ನು ಹತ್ತಿ ಹಿಂದಕ್ಕೆ ಸುರಿಯುತ್ತದೆ. ಎತ್ತುವುದು 45 ಸೆಂ.ಮೀ. ಮೀರದೆ, ಎರಡೂ ಬದಿಗಳಲ್ಲಿ ಮೇಲೆದ್ದ ಅಂಚು ಹೊಂದಿರಬೇಕು. ಎರಡಕ್ಕೂ ಆಗುತ್ತದೆಂದು ಮಾರುವ ಅಗಲದ ಸಲಿಕೆ ಈಗಾಗಲೇ ಮನೆಯಲ್ಲಿದ್ದರೆ, ಅದರ ಬದಿಗಳನ್ನು ಗರಗಸದಿಂದ ಕತ್ತರಿಸಿ ಕಿರಿದುಮಾಡುವ ಆಸೆಯಾಗುತ್ತದೆ. ಆದರೆ ಅಲಗಿಗೆ ಬಿಗಿತನ ಕೊಡುವುದೇ ಆ ಮೇಲೆದ್ದ ಬದಿಗಳು, ಅವನ್ನು ಕತ್ತರಿಸಿದರೆ ಉಳಿಯುವುದು ಬಳುಕುವ ಹಾಳೆ. ಅದನ್ನು ದೂಡಲು ಮಾತ್ರ ಇಟ್ಟುಕೊಂಡು, ಎತ್ತಲು ಚಿಕ್ಕದೊಂದನ್ನು ಕೊಳ್ಳುವುದು ಮೇಲು.

ಎರಡನೆಯ ಹಿಡಿ

ಎತ್ತುವ ಸಲಿಕೆಗೆ ಮಾಡಬಹುದಾದ ಸುಧಾರಣೆಗಳಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದು, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಸಲಿಕೆಯೆಂದರೆ ಒಂದು ಸನ್ನೆಗೋಲು: ಕೆಳಗಿನ ಕೈ ಎತ್ತುತ್ತದೆ, ತುದಿಯಲ್ಲಿರುವ ಮೇಲಿನ ಕೈ ಅಲಗು ಕೆಳಗೆ ವಾಲದಂತೆ ಕಾವನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಸಲಿಕೆ ಮತ್ತು ಹೊರೆ ಸೇರಿ 6 ಕಿಲೋ ಇದ್ದು, ಆ ಭಾರದ ಕೇಂದ್ರದಿಂದ ಕೆಳಗಿನ ಕೈ 60 ಸೆಂ.ಮೀ. ದೂರದಲ್ಲಿಯೂ, ಮೇಲಿನ ಕೈ ಅದರಿಂದ ಇನ್ನೂ 50 ಸೆಂ.ಮೀ. ಹಿಂದೆಯೂ ಇದೆ ಎಂದುಕೊಳ್ಳೋಣ. ಆಗ ಮೇಲಿನ ಕೈ 7.2 ಕಿಲೋದಷ್ಟು ಕೆಳಕ್ಕೆ ಒತ್ತಬೇಕು. ಕೆಳಗಿನ ಕೈ ಹೊರೆಯ 6 ಕಿಲೋ ಜೊತೆಗೆ ಆ ಒತ್ತಡವನ್ನೂ ಹೊರಬೇಕಾದ್ದರಿಂದ ಅದರ ಪಾಲಿಗೆ 13.2 ಕಿಲೋ ಬರುತ್ತದೆ. ಕೆಳಗಿನ ಕೈಯನ್ನು ಭಾರದ ಕೇಂದ್ರದಿಂದ 35 ಸೆಂ.ಮೀ. ದೂರಕ್ಕೆ ಸರಿಸಿದರೆ, ಕೈಗಳ ನಡುವಿನ ಅಂತರ 75 ಸೆಂ.ಮೀ. ಆಗಿ, ಮೇಲಿನ ಕೈಯ ಒತ್ತಡ 2.8 ಕಿಲೋಗೂ ಕೆಳಗಿನ ಕೈಯ ಭಾರ 8.8 ಕಿಲೋಗೂ ಇಳಿಯುತ್ತದೆ. ಹಿಮ ಒಂದು ಹಿಡಿಯಷ್ಟೂ ಕಡಿಮೆಯಾಗಿಲ್ಲ. ಕೈ ಸರಿದಿದೆ ಅಷ್ಟೆ.

ತೊಡಕಿರುವುದು ಬೆನ್ನಿನಲ್ಲಿ. ನೇರ ಕಾವಿನ ಸಲಿಕೆಯಲ್ಲಿ ಕೈಯನ್ನು ಅಲಗಿನ ಕಡೆಗೆ ಸರಿಸಿದಷ್ಟೂ ಅದು ನೆಲಕ್ಕೆ ಹತ್ತಿರವಾಗುತ್ತದೆ. ಕಾವು ನೆಲದೊಂದಿಗೆ 35 ಡಿಗ್ರಿ ಕೋನದಲ್ಲಿದ್ದರೆ, ಮೇಲಿನ ಲೆಕ್ಕದ ಎರಡನೆಯ ಸ್ಥಾನದಲ್ಲಿ ಕೈ ನೆಲದಿಂದ ಬರೀ 20 ಸೆಂ.ಮೀ. ಎತ್ತರದಲ್ಲಿರುತ್ತದೆ, ಅಂದರೆ ಸೊಂಟ ಪೂರ್ತಿ ಬಗ್ಗಬೇಕು. ಕಾವನ್ನು ಬಾಗಿಸಿ ತಯಾರಿಸುವ ಸಲಿಕೆಗಳು ಈ ತೊಡಕಿಗೆ ಅರ್ಧ ಪರಿಹಾರ. ಅವು ಬಗ್ಗುವುದನ್ನು ಕಡಿಮೆ ಮಾಡುತ್ತವೆ, ಆದರೆ ಕೈ ಭಾರದಿಂದ ದೂರವೇ ಉಳಿಯುತ್ತದೆ. ಕಾವಿನ ಕೆಳಭಾಗದಿಂದ ಮೇಲಕ್ಕೆ ಎದ್ದು ನಿಲ್ಲುವ ಎರಡನೆಯ ಹಿಡಿಯೊಂದನ್ನು ಜೋಡಿಸಿದರೆ ಎರಡೂ ಒಟ್ಟಿಗೆ ಸಾಧ್ಯವಾಗುತ್ತದೆ.

ಇದನ್ನು ಮಾಡುವ ಅತಿ ಸರಳ ಬಗೆಯಲ್ಲಿ ಬಿಗಿಯಾದ ಕೋಲೂ ಬೇಕಿಲ್ಲ. ಕೆಳಗಿನ ಕೈ ಮಾಡುವ ಕೆಲಸ ಮೇಲಕ್ಕೆ ಎಳೆಯುವುದು ಮಾತ್ರವಾದ್ದರಿಂದ, ನೈಲಾನ್ ಪಟ್ಟಿಯ ಕುಣಿಕೆಯೇ ಸಾಕಾಗುತ್ತದೆ. ಎರಡೂವರೆ ಸೆಂ.ಮೀ. ಅಗಲದ ಪಟ್ಟಿಯನ್ನು 12 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಪೈಪಿನ ತುಂಡಿನೊಳಗೆ ತೂರಿಸಿ, ಎರಡು ತುದಿಗಳನ್ನೂ ಕಾವಿನ ಸುತ್ತ ಸುತ್ತಿ ಹೊಲಿಯಬೇಕು ಅಥವಾ ಬೋಲ್ಟಿನಿಂದ ಬಿಗಿಯಬೇಕು; ಪೈಪಿನ ಹಿಡಿ ಕಾವಿನಿಂದ 30–35 ಸೆಂ.ಮೀ. ಮೇಲಿರಲಿ. ಕುಣಿಕೆ ಕಾವಿನ ಮೇಲೆ ಜಾರದಂತೆ ಅದರ ಎರಡೂ ಪಕ್ಕದಲ್ಲಿ ಒಂದೊಂದು ಹೋಸ್ ಕ್ಲ್ಯಾಂಪ್ (ಸ್ಕ್ರೂ ತಿರುಗಿಸಿ ಬಿಗಿಯುವ ಲೋಹದ ಸುತ್ತುಪಟ್ಟಿ) ಬಿಗಿದರೆ ಸಾಕು, ಕಾವಿಗೆ ತೂತು ಕೊರೆಯುವ ಅಗತ್ಯವಿಲ್ಲ. ಇದರ ಕೊರತೆಯೆಂದರೆ ಹಿಮವನ್ನು ಬದಿಗೆ ಹೊರಳಿಸುವಾಗ ಹಿಡಿತ ಸಡಿಲವೆನಿಸುತ್ತದೆ. ಅದು ಒಗ್ಗದವರು ಗಟ್ಟಿಮರದ ತುಂಡೊಂದಕ್ಕೆ ಕಾವಿನ ದಪ್ಪಕ್ಕೆ ಸರಿಯಾಗಿ ತೂತು ಕೊರೆದು, ತೂತಿನ ನಡುವೆಯೇ ತುಂಡನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳ ನಡುವೆ ಕಾವನ್ನು ಇಟ್ಟು ಬೋಲ್ಟುಗಳಿಂದ ಕಚ್ಚಿಸಬೇಕು. ಮೇಲಿನ ಹೋಳಿಗೆ 20–25 ಸೆಂ.ಮೀ. ಎತ್ತರದ ಕೋಲನ್ನೂ ಅದರ ತುದಿಗೆ ಡಿ ಆಕಾರದ ಹಿಡಿಯನ್ನೂ ಜೋಡಿಸಬೇಕು. ಬೋಲ್ಟು ಸಡಿಲಿಸಿ ಹಿಡಿಯನ್ನು ಹಿಂದೆ ಮುಂದೆ ಸರಿಸಲು ಬರುವುದರಿಂದ ಮನೆಯಲ್ಲಿ ಬೇರೆಬೇರೆ ಎತ್ತರದವರು ಒಂದೇ ಸಲಿಕೆಯನ್ನು ಬಳಸಬಹುದು.

ಅಲಗಿನ ವಸ್ತು ಮತ್ತು ಅಂಚುಪಟ್ಟಿ

ಪ್ಲಾಸ್ಟಿಕ್ ಅಲಗನ್ನು ಕೊಳ್ಳುವ ಮೊದಲು ಅದನ್ನು ತಿರುಗಿಸಿ, ಹಿಂಬದಿಯಲ್ಲಿ ತ್ರಿಕೋನದೊಳಗೆ ಅಚ್ಚಾಗಿರುವ ಅಂಕೆಯನ್ನು ನೋಡಬೇಕು. 2 ಎಂದಿದ್ದರೆ ಅದು ಹೆಚ್ಚು ಸಾಂದ್ರತೆಯ ಪಾಲಿಥಿಲೀನ್. 5 ಎಂದಿದ್ದರೆ ಪಾಲಿಪ್ರೊಪಿಲೀನ್. ಬೇಸಿಗೆಯಲ್ಲಿ ಎರಡೂ ಗಟ್ಟಿ. ಆದರೆ ಸಾದಾ ಪಾಲಿಪ್ರೊಪಿಲೀನ್ ಶೂನ್ಯದ ಸುಮಾರಿನಲ್ಲಿಯೇ ತನ್ನ ಬಳುಕುವ ಗುಣವನ್ನು ಕಳೆದುಕೊಳ್ಳತೊಡಗುತ್ತದೆ, ಮೈನಸ್ 20ರಲ್ಲಿ ಕಲ್ಲಿಗೆ ತಾಗಿದರೆ ಒಡೆಯುವ ಸಂಭವವಿರುತ್ತದೆ. ಪಾಲಿಥಿಲೀನ್ ಮಾತ್ರ ಅದಕ್ಕಿಂತ ಎಷ್ಟೋ ಕೆಳಗಿನ ಉಷ್ಣತೆಯಲ್ಲಿಯೂ ಬಾಗುತ್ತದೆಯೇ ಹೊರತು ಸೀಳುವುದಿಲ್ಲ. ಪೆಟ್ಟು ತಡೆಯುವಂತೆ ಬೆರಕೆ ಮಾಡಿದ ಪಾಲಿಪ್ರೊಪಿಲೀನ್ ಕೂಡ ಇದೆ, ಅದು ಪರವಾಗಿಲ್ಲ, ಆದರೆ ಅಂಕೆ ನೋಡಿ ಅದನ್ನು ಗುರುತಿಸಲಾಗದು. ಅಲ್ಯುಮಿನಿಯಂ ಚಳಿಗೆ ಪೆಡಸಾಗುವುದಿಲ್ಲ. ಅದರ ದೋಷವೆಂದರೆ ಶಾಖವನ್ನು ಬೇಗ ಸಾಗಿಸುವುದು ಮತ್ತು ಕಲ್ಲುಹಾಸಿನ ಮೇಲೆ ಬೂದು ಗೆರೆ ಎಳೆಯುವುದು. ಉಕ್ಕು ಭಾರ, ಅದರ ಜಾಗ ಬೇರೆ, ಮುಂದೆ ಹೇಳುತ್ತೇನೆ.

ಅಂಚುಪಟ್ಟಿ ಬೇಕಾಗಿರುವುದು ಮುಖ್ಯವಾಗಿ ದೂಡುವ ಸಲಿಕೆಗೆ, ಏಕೆಂದರೆ ಡ್ರೈವ್‌ವೇಯನ್ನು, ಅಂದರೆ ರಸ್ತೆಯಿಂದ ಗ್ಯಾರೇಜಿಗೆ ಕಾರು ಬರುವ ದಾರಿಯನ್ನು, ಈ ತುದಿಯಿಂದ ಆ ತುದಿಗೆ ಉಜ್ಜುವುದು ಅದೇ. 40 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಅಲ್ಯುಮಿನಿಯಂ ಪಟ್ಟಿಯನ್ನು ಅಲಗಿನ ಅಗಲಕ್ಕೆ ಕತ್ತರಿಸಿ, ಪ್ಲಾಸ್ಟಿಕ್ ಅಂಚಿಗಿಂತ 6ರಿಂದ 8 ಮಿ.ಮೀ. ಮುಂದಕ್ಕೆ ಚಾಚುವಂತೆ ಅಲಗಿನ ಮುಂಬದಿಗೆ ಇಟ್ಟು ಗುರುತು ಹಾಕಬೇಕು. ಕಾರ್ಖಾನೆಯ ಪಟ್ಟಿಗಳು ಒಂದೆರಡು ಚಳಿಗಾಲದಲ್ಲಿಯೇ ಅಲೆಅಲೆಯಾಗಿ ಉಬ್ಬುವುದನ್ನೋ ರಿವೆಟ್ಟಿನ ಸುತ್ತ ಪ್ಲಾಸ್ಟಿಕ್ ಹರಿಯುವುದನ್ನೋ ಅನೇಕರು ನೋಡಿರುತ್ತಾರೆ. ಸವೆತ ಮಾತ್ರವಲ್ಲ, ಉಷ್ಣತೆಯೂ ಇದಕ್ಕೆ ಕಾರಣ. ಚಳಿಯಲ್ಲಿ ಪಾಲಿಥಿಲೀನ್ ಅಲ್ಯುಮಿನಿಯಂಗಿಂತ ಆರೇಳು ಪಟ್ಟು ಹೆಚ್ಚು ಕುಗ್ಗುತ್ತದೆ. 20 ಡಿಗ್ರಿ ಇರುವ ಗ್ಯಾರೇಜಿನಿಂದ ಮೈನಸ್ 25 ಡಿಗ್ರಿಯ ಹೊರಾಂಗಣಕ್ಕೆ ತಂದಾಗ 60 ಸೆಂ.ಮೀ. ಅಗಲದ ಅಲಗು ಸುಮಾರು 4 ಮಿ.ಮೀ. ಕುಗ್ಗಿದರೆ, ಅದರ ಮೇಲಿನ ಲೋಹದ ಪಟ್ಟಿ ಒಂದು ಮಿ.ಮೀ. ಕೂಡ ಕುಗ್ಗುವುದಿಲ್ಲ. ಎರಡನ್ನೂ ಉದ್ದಕ್ಕೂ ಬಿಗಿಯಾಗಿ ರಿವೆಟ್ ಮಾಡಿದ್ದರೆ ಈ ಮೂರು ಮಿ.ಮೀ.ಗೂ ಮೀರಿದ ವ್ಯತ್ಯಾಸಕ್ಕೆ ಹೋಗಲು ಬೇರೆ ದಾರಿಯಿಲ್ಲ.

ಪರಿಹಾರ ಸುಲಭವಾಗಿದೆ. ನಟ್ಟನಡುವಿನ ತೂತು ಮಾತ್ರ ಗುಂಡಗಿರಲಿ, 5 ಮಿ.ಮೀ. ಬೋಲ್ಟಿಗೆ ಸರಿಯಾಗಿ. ಅದರ ಎರಡೂ ಕಡೆಗಳಲ್ಲಿ 10–12 ಸೆಂ.ಮೀ.ಗೆ ಒಂದರಂತೆ ಕೊರೆಯುವ ತೂತುಗಳನ್ನು ಪಟ್ಟಿಯಲ್ಲಿ ಅರದಿಂದ ಅಡ್ಡಕ್ಕೆ ಉದ್ದಮಾಡಿ ಸುಮಾರು 9 ಮಿ.ಮೀ. ಸೀಳುತೂತುಗಳಾಗಿಸಬೇಕು, ಪ್ಲಾಸ್ಟಿಕ್‌ನಲ್ಲಿ ತೂತು ಗುಂಡಗೇ ಇರಲಿ. ಚಪ್ಪಟೆ ಗುಮ್ಮಟದ ತಲೆಯ ಸ್ಟೇನ್‌ಲೆಸ್ ಬೋಲ್ಟುಗಳನ್ನು ಮುಂಬದಿಯಿಂದ ತೂರಿಸಿ, ಹಿಂಬದಿಯಲ್ಲಿ ಅಗಲದ ವಾಷರ್ ಇಟ್ಟು, ನೈಲಾನ್ ಒಳಸುತ್ತಿನ ನಟ್‌ನಿಂದ ಬಿಗಿಯಬೇಕು. ನಡುವಿನದನ್ನು ಪೂರ್ತಿ ಬಿಗಿದು, ಉಳಿದವನ್ನು ಬಿಗಿದ ಮೇಲೆ ಕಾಲು ಸುತ್ತು ಸಡಿಲಿಸಿದರೆ ಅಲಗು ಪಟ್ಟಿಯ ಹಿಂದೆ ತನ್ನಷ್ಟಕ್ಕೆ ಕುಗ್ಗಿ ಹಿಗ್ಗುತ್ತದೆ. ರಸ್ತೆಯ ಉಪ್ಪುನೀರು ಸದಾ ತಾಗುವ ಕಡೆ ಲೋಹಗಳ ಜೋಡಿಯನ್ನೂ ಗಮನಿಸಬೇಕು: ದೊಡ್ಡ ಅಲ್ಯುಮಿನಿಯಂ ಪಟ್ಟಿಗೆ ಚಿಕ್ಕ ಸ್ಟೇನ್‌ಲೆಸ್ ಬೋಲ್ಟು ಹೆಚ್ಚಿನ ಹಾನಿ ಮಾಡುವುದಿಲ್ಲ, ದೊಡ್ಡ ಸ್ಟೇನ್‌ಲೆಸ್ ಪಟ್ಟಿಗೆ ಅಲ್ಯುಮಿನಿಯಂ ರಿವೆಟ್ ಹಾಕಿದರೆ ರಿವೆಟ್‌ಗಳು ಬೇಗ ತಿಂದುಹೋಗುತ್ತವೆ. ಕೊನೆಯಲ್ಲಿ ಪಟ್ಟಿಯ ಎರಡೂ ಮೂಲೆಗಳನ್ನು ಅರದಿಂದ ಒಂದು ಸೆಂ.ಮೀ.ನಷ್ಟು ಗುಂಡಾಗಿಸುವುದನ್ನು ಮರೆಯಬಾರದು, ಕಾಂಕ್ರೀಟ್ ಚಪ್ಪಡಿಗಳ ಸಂದಿಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಮೂಲೆಗಳೇ. ಮರದ ಡೆಕ್ ಅಥವಾ ಅಲಂಕಾರದ ಇಟ್ಟಿಗೆಹಾಸು ಇರುವ ಮನೆಗಳಲ್ಲಿ ಲೋಹದ ಪಟ್ಟಿಯ ಗೊಡವೆಯೇ ಬೇಡ.

ಕಾವು ಅಲಗನ್ನು ಸೇರುವ ಜಾಗ

ಬಾಗಿಸುವ ಬಲ ಅತಿ ಹೆಚ್ಚಾಗಿ ಬೀಳುವುದು ಇಲ್ಲಿಯೇ, ಆದರೂ ಅಗ್ಗದ ಸಲಿಕೆಗಳಲ್ಲಿ ಇಲ್ಲಿರುವುದು ಒಂದು ಗಿಡ್ಡ ಪ್ಲಾಸ್ಟಿಕ್ ಕೊಳವೆ ಮತ್ತು ಅದಕ್ಕೆ ಹೊಡೆದ ಒಂದೇ ಒಂದು ಸ್ಕ್ರೂ. ಸ್ಕ್ರೂವಿನ ತೂತಿನಿಂದಲೇ ಬಿರುಕು ಆರಂಭವಾಗುತ್ತದೆ. ಆ ಸ್ಕ್ರೂವನ್ನು ತೆಗೆದು, ಕಾವನ್ನು ಕೊಳವೆಯ ತಳ ಮುಟ್ಟುವವರೆಗೆ ಇಳಿಸಿ, ಕೊಳವೆಯ ಉದ್ದ ಬಿಟ್ಟಷ್ಟು ದೂರದಲ್ಲಿ, ಸಾಧ್ಯವಾದರೆ 8 ಸೆಂ.ಮೀ. ಅಂತರದಲ್ಲಿ, ಎರಡು ಬೋಲ್ಟುಗಳನ್ನು ಆರಪಾರಾಗಿ ಹಾಕಬೇಕು. ತಲೆಯ ಕೆಳಗೂ ನಟ್‌ನ ಕೆಳಗೂ ವಾಷರ್ ಇರಲಿ. ಕೊಳವೆ ಈಗಾಗಲೇ ಸೀಳಿದ್ದರೆ ಅದರ ಹೊರಗೆ ಎರಡು ಹೋಸ್ ಕ್ಲ್ಯಾಂಪ್ ಬಿಗಿದು, ಅಲಗಿನ ಬೆನ್ನಿಗೆ 2 ಮಿ.ಮೀ. ದಪ್ಪದ ಅಲ್ಯುಮಿನಿಯಂ ತಗಡೊಂದನ್ನು ಕೊಳವೆಯ ಬುಡದಿಂದ ಅಂಗೈಯಗಲ ಹರಡುವಂತೆ ಬೋಲ್ಟ್ ಮಾಡಿದರೆ, ಒಂದೇ ಬಿಂದುವಿನಲ್ಲಿ ಬೀಳುತ್ತಿದ್ದ ಬಲ ಹಂಚಿಹೋಗುತ್ತದೆ. ಪಾಲಿಥಿಲೀನ್‌ಗೆ ಸಾಮಾನ್ಯ ಅಂಟುಗಳು ಹಿಡಿಯುವುದಿಲ್ಲವಾದ್ದರಿಂದ ಅಂಟನ್ನು ನಂಬಿ ಕೆಲಸ ಮಾಡಬಾರದು.

ಕಾವಿಗೆ ಮರವೇ ಆಗಬೇಕೆನ್ನುವವರು ಆ್ಯಶ್ ಅಥವಾ ಹಿಕರಿ ಮರದ ಕಾವನ್ನು ಆರಿಸಬೇಕು. 2002ರಲ್ಲಿ ಡೆಟ್ರಾಯಿಟ್ ಬಳಿ ಮೊದಲು ಪತ್ತೆಯಾದ, ಏಷ್ಯಾದಿಂದ ಬಂದ ಹಸಿರು ಕೊರಕ ಹುಳು ಉತ್ತರ ಅಮೆರಿಕದ ಕೋಟ್ಯಂತರ ಆ್ಯಶ್ ಮರಗಳನ್ನು ಕೊಂದಿರುವುದರಿಂದ ಒಳ್ಳೆಯ ಆ್ಯಶ್ ಕಾವು ಸಿಗುವುದು ಮೊದಲಿನಷ್ಟು ಸುಲಭವಲ್ಲ. ಯಾವ ಮರವಾದರೂ ಅದರ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓಡಿರಬೇಕು. ಎಳೆ ಓರೆಯಾಗಿ ಬದಿಯಲ್ಲಿ ಹೊರಬಿದ್ದಿರುವ ಕಾವು ಅಲ್ಲಿಯೇ ಮುರಿಯುತ್ತದೆ. ಕೊಳವೆಯೊಳಗೆ ಇಳಿಸುವ ತುದಿಗೆ ಕುದಿಸಿದ ಅಗಸೆ ಎಣ್ಣೆಯನ್ನು ಕುಡಿಸಿದರೆ ನೀರು ಬೇಗ ಒಳಗೆ ಇಳಿಯುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಬಿಸಾಡಬಾರದು, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು, ಹರವಿ ಒಣಗಿಸಬೇಕು. ಲೋಹದ ಕಾವಿನವರು ಕೈ ಹಿಡಿಯುವ ಕಡೆ ಫೋಮ್ ಕೊಳವೆಯನ್ನೋ ಸೈಕಲ್ ಹ್ಯಾಂಡಲ್ಲಿಗೆ ಸುತ್ತುವ ಪಟ್ಟಿಯನ್ನೋ ಹಾಕಿಕೊಳ್ಳದೆ ಗತಿಯಿಲ್ಲ.

ತುದಿಯ ಹಿಡಿಯ ಬಗ್ಗೆ ಹೇಳಬೇಕಾದ್ದು ಕಡಿಮೆ. ಡಿ ಆಕಾರದ ಒಳಜಾಗ ದಪ್ಪ ಮಿಟನ್ (ಹೆಬ್ಬೆರಳು ಬಿಟ್ಟು ಉಳಿದ ಬೆರಳುಗಳಿಗೆಲ್ಲ ಒಂದೇ ಚೀಲವಿರುವ ಕೈಗವಸು) ತೊಟ್ಟ ಕೈಗೆ ಸಾಲುವಷ್ಟು, ಅಂದರೆ 12–13 ಸೆಂ.ಮೀ. ಇರಬೇಕು, ಅಂಗಡಿಗೆ ಹೋಗುವಾಗ ಮಿಟನ್ ತೊಟ್ಟುಕೊಂಡೇ ಹೋಗಿ ನೋಡುವುದು ಒಳ್ಳೆಯದು. ದೂಡುವ ಸಲಿಕೆಗೆ ಎರಡೂ ಕೈಯಿಂದ ಹಿಡಿಯಬಹುದಾದ ಅಗಲದ ಅಡ್ಡಹಿಡಿ ಉತ್ತಮ. ಅಲಗು ಎತ್ತರದ ಚಪ್ಪಡಿಗೆ ತಾಗಿ ಗಕ್ಕನೆ ನಿಂತಾಗ ಕಿರಿದಾದ ಹಿಡಿ ಹೊಟ್ಟೆಗೆ ತಿವಿಯುತ್ತದೆ, ಅಗಲದ ಹಿಡಿ ಅಷ್ಟು ನೋಯಿಸುವುದಿಲ್ಲ.

ಅಂಟುವ ಹಿಮ, ಗಟ್ಟಿ ಹಿಮ

ಬೆಚ್ಚಗಿನ ಮನೆಯಿಂದ ತಂದ ಅಲಗಿಗೆ, ಅದರಲ್ಲೂ ಅಲ್ಯುಮಿನಿಯಂ ಅಲಗಿಗೆ, ಮೊದಲು ತಾಗಿದ ಹಿಮ ಕರಗಿ ಮರುಕ್ಷಣ ಹೆಪ್ಪುಗಟ್ಟುತ್ತದೆ. ಆಮೇಲೆ ಪ್ರತಿ ಎಸೆತದಲ್ಲಿಯೂ ಅರ್ಧ ಹೊರೆ ಅಲಗಿನ ಮೇಲೆಯೇ ಉಳಿಯುತ್ತದೆ. ಕೆಲಸಕ್ಕೆ ಮೊದಲು ಸಲಿಕೆಯನ್ನು ಕಾಲು ಗಂಟೆ ಹೊರಗಿಟ್ಟು ತಣಿಸಿದರೆ ಈ ಕಾಟ ಬಹುಪಾಲು ತಪ್ಪುತ್ತದೆ. ಅಲಗಿನ ಮೇಲೆ ಪ್ಯಾರಾಫಿನ್ ಮೇಣವನ್ನು, ಅಂದರೆ ಸಾಧಾರಣ ಮೇಣದಬತ್ತಿಯನ್ನೇ ತಿಕ್ಕಿ ಬಟ್ಟೆಯಿಂದ ಉಜ್ಜಿದರೆ ನೀರು ಕುಡಿದ ಹಿಮವೂ ಜಾರುತ್ತದೆ; ಮೇಣ ಸವೆಯುವುದರಿಂದ ಪ್ರತಿ ದೊಡ್ಡ ಹಿಮಪಾತಕ್ಕೆ ಮುನ್ನ ಮತ್ತೆ ಹಚ್ಚಬೇಕಾಗುತ್ತದೆ. ಸಿಲಿಕೋನ್ ಸ್ಪ್ರೇ ಕೂಡ ಕೆಲಸ ಮಾಡುತ್ತದೆ, ಆದರೆ ಮೆಟ್ಟಿಲ ಮೇಲೆ ಅದು ಬಿದ್ದರೆ ಜಾರುವ ಸರದಿ ಮನುಷ್ಯರದ್ದು.

ಊರಾಡಳಿತದ ನೇಗಿಲು ಗಾಡಿ ರಸ್ತೆಯನ್ನು ತೆರವು ಮಾಡುತ್ತ ಡ್ರೈವ್‌ವೇಯ ಬಾಯಿಗೆ ಬಿಟ್ಟುಹೋಗುವ ದಿಬ್ಬ ಬೇರೆಯೇ ಪದಾರ್ಥ. ಅದರಲ್ಲಿ ಒತ್ತಿ ಗಟ್ಟಿಯಾದ ಹಿಮ, ಐಸ್ ತುಂಡು, ಉಪ್ಪು, ಕೆಸರು ಎಲ್ಲವೂ ಸೇರಿರುತ್ತವೆ. ಮೇಲೆ ವಿವರಿಸಿದ ಯಾವ ಪ್ಲಾಸ್ಟಿಕ್ ಅಲಗನ್ನೂ ಅದಕ್ಕೆ ಹಾಕಬಾರದು. ಇಲ್ಲಿ ಬೇಕಾದದ್ದು ಮಣ್ಣಿನ ಕೆಲಸಕ್ಕೆ ಬಳಸುವ, 25 ಸೆಂ.ಮೀ. ಅಗಲದ, ಚೌಕ ಮೂತಿಯ ಉಕ್ಕಿನ ಸಲಿಕೆ. ಅದರ ಅಂಚನ್ನು ಅರದಿಂದ ಹರಿತ ಮಾಡಿ, ದಿಬ್ಬವನ್ನು ಮೇಲಿನಿಂದ ಇಟ್ಟಿಗೆಯಷ್ಟು ತುಂಡುಗಳಾಗಿ ಕತ್ತರಿಸಿ ತೆಗೆಯಬೇಕು. 2022ರ ನವೆಂಬರ್‌ನಲ್ಲಿ ಬಫಲೋ ನಗರದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕ್‌ನಲ್ಲಿ ಈರಿ ಸರೋವರದ ಮೇಲಿಂದ ಬೀಸಿದ ಗಾಳಿ ಕೆಲವೇ ದಿನಗಳಲ್ಲಿ ಸುಮಾರು 2 ಮೀಟರ್ ಹಿಮ ಸುರಿಸಿದಂತಹ ಸಂದರ್ಭಗಳಲ್ಲಿ ಸಲಿಕೆಯ ಸುಧಾರಣೆ ಉಪಯೋಗಕ್ಕೆ ಬರುವುದಿಲ್ಲ. ಆಗ ಬೇಕಾದದ್ದು ಯಂತ್ರ. ಅದಕ್ಕಿಂತ ಸಣ್ಣ ಹಿಮಪಾತಗಳಲ್ಲಿ, ಸುರಿದು ಮುಗಿಯುವವರೆಗೆ ಕಾಯದೆ 8–10 ಸೆಂ.ಮೀ. ಸೇರುತ್ತಿದ್ದಂತೆಯೇ ಒಮ್ಮೆ ದೂಡಿಬಿಟ್ಟರೆ ಎತ್ತುವ ಸಲಿಕೆಗೆ ಕೆಲಸವೇ ಕಡಿಮೆಯಾಗುತ್ತದೆ.

ಏಪ್ರಿಲ್‌ನಲ್ಲಿ ಸಲಿಕೆಗಳನ್ನು ಒಳಗಿಡುವಾಗ ಉಪ್ಪನ್ನು ಸಿಹಿನೀರಿನಿಂದ ತೊಳೆದು, ನಟ್‌ಗಳನ್ನು ಪರೀಕ್ಷಿಸಿ, ಅಂಚುಪಟ್ಟಿ ಪ್ಲಾಸ್ಟಿಕ್ ಅಂಚಿನ ಮಟ್ಟಕ್ಕೆ ಸವೆದಿದ್ದರೆ ಬಿಚ್ಚಿ ತಿರುಗಿಸಿ ಹಾಕಬೇಕು; ತೂತುಗಳನ್ನು ಪಟ್ಟಿಯ ಅಗಲದ ನಡುಗೆರೆಯಲ್ಲಿಯೇ ಕೊರೆದಿದ್ದರೆ ಇನ್ನೊಂದು ಅಂಚು ಹೊಸದಾಗಿ ಒದಗುತ್ತದೆ. ಪಾಲಿಥಿಲೀನ್ ಬಹುಕಾಲ ಒಂದೇ ಭಾರ ಹೊತ್ತರೆ ಮೆಲ್ಲಗೆ ಬಾಗಿ ಹಾಗೆಯೇ ಉಳಿಯುವುದರಿಂದ ಸಲಿಕೆಯನ್ನು ಅಲಗಿನ ಮೇಲೆ ನಿಲ್ಲಿಸದೆ, ಬಿಸಿಲು ಬೀಳದ ಗೋಡೆಗೆ ಹಿಡಿಯಿಂದ ತೂಗುಹಾಕಬೇಕು.